ಅಯ್ಯನವರ ರಜೆ ಮತ್ತು 78 ದಿನಗಳ ಧ್ಯಾನ

ಶಿವಮೊಗ್ಗದ ನಮ್ಮ ಕ್ರೈಸ್ತ ಸಭೆಯ ಕಚೇರಿಯಲ್ಲಿ ನಾನು ಕೆಲಸಕ್ಕೆ ಸೇರಿದಂದಿನಿಂದ ಅನುದಿನ ಧ್ಯಾನದ ಹೊಣೆ ಸಭಾಪಾಲಕರಾದ ಅಯ್ಯನವರದೇ ಆಗಿತ್ತು. ಬೆಳಿಗ್ಗೆ ಆರಕ್ಕೆ ಅವರ ಧ್ವನಿ ವಾಟ್ಸಾಪಿನಲ್ಲಿ ಬರುತ್ತಿತ್ತು: ಸತ್ಯವೇದದ ಒಂದು ಭಾಗ, ನಾಲ್ಕು ಮಾತು, ಒಂದು ಪ್ರಾರ್ಥನೆ. 2025ರ ಜೂನ್ 1ರಿಂದ ಆಗಸ್ಟ್ 31ರವರೆಗೆ ಅವರಿಗೆ ಸಬ್ಯಾಟಿಕಲ್ ರಜೆ, ಅಂದರೆ ದೀರ್ಘ ವಿಶ್ರಾಂತಿಯ ರಜೆ, ಮಂಜೂರಾದಾಗ, ಭಾನುವಾರಗಳ ಏರ್ಪಾಡು ಒಂದೇ ಮೀಟಿಂಗಿನಲ್ಲಿ ಮುಗಿಯಿತು. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನವನ್ನು ಪಾಲಕ ದೀಕ್ಷೆ ಪಡೆದವರೇ ನಡೆಸಬೇಕಾದ್ದರಿಂದ ನೆರೆಯ ಸಭೆಗಳ ಪಾಲಕರನ್ನು ಕೇಳಿಕೊಂಡೆವು. ವಾರದ ದಿನಗಳ ಧ್ಯಾನವನ್ನು ಮಾತ್ರ ನನಗೆ ಒಪ್ಪಿಸಿದರು.

ನಾನು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. ಮೂರು ತಿಂಗಳ ಧ್ಯಾನಗಳನ್ನೂ ಮೇ ತಿಂಗಳಲ್ಲೇ ರೆಕಾರ್ಡ್ ಮಾಡಿಕೊಟ್ಟು ಹೋಗಬೇಕೆಂದು ಅಯ್ಯನವರನ್ನು ಕೇಳಿದೆ. ಅವರು ಇಲ್ಲವೆನ್ನಲಿಲ್ಲ. ಒಂದು ಶವಸಂಸ್ಕಾರ ಮುಗಿಸಿ ಬಂದ ಸಂಜೆ ಕುಳಿತು ಹನ್ನೊಂದು ಧ್ಯಾನ ಮುಗಿಸಿದರು. ಮರುದಿನ ಅವರ ಗಂಟಲು ಕಟ್ಟಿತ್ತು. ಅವರ ಪತ್ನಿ ಅಮ್ಮನವರು ಕಚೇರಿಗೆ ಬಂದು, ಸಿಟ್ಟಿಲ್ಲದೆಯೇ, “ರಜೆಯ ದಿನಗಳ ಕೆಲಸವನ್ನೂ ಮೊದಲೇ ಮುಗಿಸಿ ಹೋಗಬೇಕೆಂದರೆ ಅದು ರಜೆ ಹೇಗಾಗುತ್ತದೆ?” ಎಂದು ಕೇಳಿದರು. ಸತ್ಯವೇದದ ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಏಳನೆಯ ವರ್ಷ ಹೊಲವನ್ನು ಬಿತ್ತದೆ, ದ್ರಾಕ್ಷಿತೋಟವನ್ನು ಸವರದೆ ಬಿಡಬೇಕೆಂಬ ವಿಧಿಯಿದೆ. ಆರನೆಯ ವರ್ಷವೇ ಎರಡು ಬಾರಿ ಬಿತ್ತಿಬಿಡಿ ಎಂದು ಅಲ್ಲಿ ಹೇಳಿಲ್ಲ. ಆ ಹನ್ನೊಂದು ಧ್ಯಾನಗಳನ್ನು ನಾನು ಬಳಸಲಿಲ್ಲ.

14 ಭಾನುವಾರಗಳನ್ನು ಕಳೆದರೆ 78 ದಿನ ಉಳಿಯುತ್ತಿದ್ದವು. ಹಳೆಯ ಪ್ರಾರ್ಥನಾ ಪುಸ್ತಕದ ಕ್ರಮದಂತೆ ಸತ್ಯವೇದದ 150 ಕೀರ್ತನೆಗಳನ್ನೂ 30 ದಿನಕ್ಕೆ ಬೆಳಿಗ್ಗೆ ಸಂಜೆಯೆಂದು ಹಂಚಿ ಓದಬಹುದೆಂದು ಹಿರಿಯರೊಬ್ಬರು ಸೂಚಿಸಿದರು. ಕ್ರಮ ಒಳ್ಳೆಯದೇ, ಆದರೆ ತೋಟಕ್ಕೆ ಔಷಧಿ ಹೊಡೆಯುವ, ಗದ್ದೆಗೆ ಇಳಿಯುವ ಮನೆಗಳಿಗೆ ಅದು ಭಾರವಾಗುತ್ತಿತ್ತು. ಕೊನೆಗೆ ಯಾತ್ರಾಗೀತೆಗಳಾದ 120ರಿಂದ 134ರವರೆಗಿನ ಕೀರ್ತನೆಗಳಿಗೆ 15 ದಿನ, ಮಾರ್ಕನ ಸುವಾರ್ತೆಗೆ 63 ದಿನ ಎಂದು ನಿಶ್ಚಯಿಸಿದೆವು. ಅಧ್ಯಾಯಕ್ಕೆ ನಾಲ್ಕು ಭಾಗ, ಚಿಕ್ಕದಾದ 16ನೆಯದಕ್ಕೆ ಮಾತ್ರ ಮೂರು. ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರದ ಕಡೆಯ ಹಳ್ಳಿಗಳಲ್ಲಿ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಇರುವುದಿಲ್ಲವಾದ್ದರಿಂದ, ವಾರದ ಆರೂ ಧ್ಯಾನಗಳನ್ನು ಒಂದೇ ಹಾಳೆಯ ಎರಡು ಮಗ್ಗುಲಿಗೆ ಮುದ್ರಿಸಿ ಭಾನುವಾರ ಕೈಗೆ ಕೊಟ್ಟೆವು. ಓದುವ ವೇಳೆಯನ್ನೂ ಬೆಳಗಿನ ಆರರಿಂದ ಸಂಜೆಯ ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಬದಲಿಸಿದೆವು.

ಬರೆಯುವವರ ನನ್ನ ಮೊದಲ ಪಟ್ಟಿಯಲ್ಲಿ ಇದ್ದದ್ದು ಒಂಬತ್ತು ಹೆಸರು, ಎಲ್ಲರೂ ಪ್ರಸಂಗ ಮಾಡಿ ಅಭ್ಯಾಸವಿದ್ದ ಗಂಡಸರು. ಅವರು ಬರೆದು ತಂದದ್ದೂ ಪ್ರಸಂಗವೇ. ಆಗ ಪಟ್ಟಿಯನ್ನು 26 ಜನಕ್ಕೆ ಹಿಗ್ಗಿಸಿ, ಒಬ್ಬೊಬ್ಬರಿಗೆ ಮೂರು ದಿನದಂತೆ ಹಂಚಿ, ಓದಿದ್ದರಲ್ಲಿ ಮನಸ್ಸಿಗೆ ತಟ್ಟಿದ ಒಂದೇ ಸಂಗತಿಯನ್ನು ಬರೆದರೆ ಸಾಕೆಂದು ತಿಳಿಸಿದೆ.

ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬರು ತಮಗೆ ಬರೆಯಲು ಬಾರದೆಂದರು. ಅವರು ಹೇಳಿದರು, ಮೊಮ್ಮಗಳು ಬರೆದಳು. ಜೂನ್ 9ರಂದು ಅವರ ಪಾಲಿಗೆ ಬಂದದ್ದು 126ನೆಯ ಕೀರ್ತನೆ, ಅಳುತ್ತಾ ಬಿತ್ತಿ ಹಾಡುತ್ತಾ ಕೊಯ್ಯುವವರದು. “ಮಳೆಗಾಲದ ಹೊತ್ತಿಗೆ ಕಣಜದಲ್ಲಿ ಉಳಿಯುತ್ತಿದ್ದದ್ದು ಬಿತ್ತನೆ ಭತ್ತ ಮಾತ್ರ. ಮಕ್ಕಳು ಹಸಿದಿದ್ದರೂ ಅದನ್ನು ಕುಟ್ಟುವ ಹಾಗಿಲ್ಲ, ಕೆಸರಿಗೇ ಚೆಲ್ಲಬೇಕು. ಅಗೆ ಹಾಕುವಾಗ ನನ್ನವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಮಳೆನೀರೆಂದು ನಾನು ತಿಳಿದಿದ್ದೆ” ಎಂದಿತ್ತು ಹಾಳೆಯಲ್ಲಿ. ಈ ಕೀರ್ತನೆಯ ಮೇಲೆ ನಾನು ಕೇಳಿದ ಯಾವ ಪ್ರಸಂಗದಲ್ಲೂ, ಬಿತ್ತುವವನು ಏಕೆ ಅಳುತ್ತಾನೆಂಬುದನ್ನು ಯಾರೂ ಇಷ್ಟು ಸರಳವಾಗಿ ಹೇಳಿರಲಿಲ್ಲ.

ಎಲ್ಲವೂ ಹೀಗೆ ಸಲೀಸಾಗಿ ನಡೆಯಲಿಲ್ಲ. ಮಾರ್ಕ 2ರಲ್ಲಿ ಯೇಸು ಪಾಪ ಕ್ಷಮಿಸಿ ಗುಣಪಡಿಸುವ ಪಾರ್ಶ್ವವಾಯು ರೋಗಿಯ ಕುರಿತು ಬಂದ ಬರಹವೊಂದು, ಕಾಯಿಲೆಗೆಲ್ಲ ಕಾಯಿಲೆಯವರ ಪಾಪವೇ ಕಾರಣವೆಂಬಂತೆ ಓದಿಸಿಕೊಳ್ಳುತ್ತಿತ್ತು. ಬಹಳ ದಿನಗಳಿಂದ ಮಗುವನ್ನು ಆಸ್ಪತ್ರೆಗೆ ಅಲೆದಾಡಿಸುತ್ತಿದ್ದ ಒಂದು ಮನೆ ನಮ್ಮ ಸಭೆಯಲ್ಲಿತ್ತು. ಆ ಹಾಳೆ ಅವರ ಕೈಗೂ ಹೋಗುತ್ತಿತ್ತು. ಬರೆದವರೊಡನೆ ಮಾತನಾಡುವ ಧೈರ್ಯ ಸಾಲದೆ ನಾನು ಅಯ್ಯನವರಿಗೆ ಫೋನ್ ಮಾಡಿದೆ. ಅವರು ನಲವತ್ತು ನಿಮಿಷ ಮಾತನಾಡಿ, ರಾತ್ರಿ ಹನ್ನೊಂದಕ್ಕೆ ಆ ಧ್ಯಾನವನ್ನು ತಾವೇ ತಿದ್ದಿ ಬರೆದು ಕಳುಹಿಸಿದರು. ಅದನ್ನು ನೋಡಿದಾಗ ನನಗೆ ಸಮಾಧಾನವಾಗುವ ಬದಲು ಸಂಕಟವಾಯಿತು. ಮರುದಿನ ಬರೆದವರ ಮನೆಗೆ ಹೋಗಿ, ಆ ಮಗುವಿನ ವಿಷಯವನ್ನು ಹೇಳಿದೆ. ಅವರು ಕೂಡಲೇ ಒಪ್ಪಿದರು. ಈ ಮಾತನ್ನು ಮೊದಲೇ ಆಡಬಹುದಿತ್ತು.

ಅಂದಿನಿಂದ ಬರಹಗಳನ್ನು ಒಂದು ವಾರ ಮೊದಲೇ ತರಿಸಿಕೊಂಡು, ನಿವೃತ್ತ ಸಭಾಪಾಲಕರೊಬ್ಬರಿಂದ ಓದಿಸಿದೆ. ಸಾವು, ಆಸ್ಪತ್ರೆ ಎಂದು ಬರುವ ಕರೆಗಳಿಗೆ ಮೂವರು ಹಿರಿಯರ ನಂಬರುಗಳನ್ನು ಹಾಳೆಯ ಕೆಳಗೆ ಅಚ್ಚು ಹಾಕಿಸಿದೆ. ಅಯ್ಯನವರಿಗೇ ತಿಳಿಸಬೇಕಾದ ಉಳಿದ ಸಂಗತಿಗಳನ್ನು ಒಂದು ಫೈಲಿನಲ್ಲಿ ಇಡುತ್ತಾ ಬಂದೆ. ಜುಲೈ 15ರಂದು ಮಾರ್ಕ 6ರ ಭಾಗ ಬಂತು. ಊಟಕ್ಕೂ ಬಿಡುವಿಲ್ಲದ ಶಿಷ್ಯರನ್ನು, ಏಕಾಂತ ಸ್ಥಳಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿರೆಂದು ಯೇಸು ಕರೆಯುವ ಜಾಗ ಅದು. ಆ ಸಂಜೆ ಅಯ್ಯನವರ ಹೆಸರು ಹಿಡಿದು ಪ್ರಾರ್ಥಿಸಿದೆ; ಫೋನ್ ಮಾಡಲಿಲ್ಲ.

ಸೆಪ್ಟೆಂಬರ್ 1ರಂದು ಅವರು ಕಚೇರಿಗೆ ಬಂದಾಗ ಫೈಲನ್ನು ಮುಂದಿಟ್ಟೆ. ಅವರು ಮೊದಲು ಕೇಳಿದ್ದು 13 ವಾರಗಳ ಹಾಳೆಗಳನ್ನು. ಅಜ್ಜಿಯ ಹಾಳೆಯನ್ನು ಎರಡು ಸಲ ಓದಿ, ಬೆಳಗಿನ ಧ್ವನಿಮುದ್ರಣವನ್ನು ಮತ್ತೆ ಶುರುಮಾಡುವುದು ಬೇಡವೆಂದೂ, ಎಲ್ಲರಂತೆ ತಮಗೂ ಮೂರು ದಿನ ಕೊಡಬೇಕೆಂದೂ ಹೇಳಿದರು. ಹೊಸ ಪಟ್ಟಿಯ ಮೊದಲ ಸಾಲುಗಳು ಆಗಲೇ ಭರ್ತಿಯಾಗಿದ್ದವು. ಅವರ ಸರದಿ ಬಂದದ್ದು ಸೆಪ್ಟೆಂಬರ್ 18ರ ಗುರುವಾರ.