ಪಕ್ಕದ ಮನೆಯವರಿಗೆ ಬರೀ ಮಾತ್ರೆ, ನಮ್ಮವ್ವನಿಗೆ ಯಾಕೆ ಕೀಮೋ?

ಬಳ್ಳಾರಿಯ ಒಂದು ಪೆಥಾಲಜಿ ಲ್ಯಾಬಿನಲ್ಲಿ ನನ್ನ ಕೆಲಸ. ಸಿರುಗುಪ್ಪ, ಸಂಡೂರು, ಗಂಗಾವತಿ ಕಡೆಯಿಂದ ಸ್ತನ ಕ್ಯಾನ್ಸರ್ ರಿಪೋರ್ಟ್ ಒಯ್ಯಲು ಬಂದವರು ಕಿಟಕಿಯ ಹತ್ತಿರ ನಿಂತು ಕೇಳುತ್ತಾರೆ: "ಮ್ಯಾಡಂ, ಪಕ್ಕದ ಮನಿಯಾಕಿಗೆ ಬರೀ ಗುಳಿಗಿ ಕೊಟ್ಟಾರ. ನಮ್ಮವ್ವಗ ಯಾಕ ಕೀಮೋ?"

ಗಂಟು ಎಷ್ಟು ದೊಡ್ಡದು, ಕಂಕುಳಿಗೆ ಹರಡಿದೆಯಾ, ವಯಸ್ಸೆಷ್ಟು, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಜೊತೆಗೆ ಗಂಟಿನ ಗುಣವನ್ನೂ ನೋಡಬೇಕು. ನಾವು ಹುಡುಕುವುದು ಅದನ್ನೇ.

ಗಂಟಿನ ಚೂರು ಫಾರ್ಮಲಿನ್ ಡಬ್ಬಿಯಲ್ಲಿ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ ಬಣ್ಣ ಹಾಕುತ್ತೇವೆ. ಕೆಲವು ಸ್ಲೈಡುಗಳಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಂದು ಚುಕ್ಕೆ ಕಾಣುತ್ತದೆ. ಅದು ಇಆರ್ ಪಾಸಿಟಿವ್, ಅಂದರೆ ಈಸ್ಟ್ರೊಜೆನ್ ಹಿಡಿಯುವ ರಿಸೆಪ್ಟರ್ ಇದೆ ಅಂತ. ಈಸ್ಟ್ರೊಜೆನ್ ಹಾರ್ಮೋನಿನ ಬಲದಿಂದ ಬೆಳೆಯುವ ಗಂಟು. ಆ ಬಲ ಮುರಿಯಲು ಟ್ಯಾಮಾಕ್ಸಿಫೆನ್ ಅಥವಾ ಲೆಟ್ರೊಜೋಲ್ ಮಾತ್ರೆಯನ್ನು ಸಾಮಾನ್ಯವಾಗಿ 5 ವರ್ಷವಾದರೂ ದಿನಾ ನುಂಗಬೇಕು. ಆರಾಮಾಗಿದೆ ಅಂತ ಎರಡು ವರ್ಷಕ್ಕೆ ಬಿಟ್ಟವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಪಿಆರ್ ಕೂಡ ಇದೇ ಜಾತಿಯ ಪರೀಕ್ಷೆ, ಪ್ರೊಜೆಸ್ಟರಾನ್ ಹಾರ್ಮೋನಿಗೆ.

ಹರ್-2 ಬೇರೆ, ಅದು ಕೆಲವು ಗಂಟುಗಳ ಜೀವಕೋಶದ ಮೇಲೆ ಅತಿಯಾಗಿ ಇರುವ ಒಂದು ಪ್ರೋಟೀನ್. ಇಲ್ಲಿ ಜೀವಕೋಶದ ಅಂಚಿಗೆ ಬಣ್ಣ ಹಿಡಿಯುತ್ತದೆ, ಅದು ಎಷ್ಟು ಗಾಢ ಅಂತ ಅಂಕ ಕೊಡುತ್ತೇವೆ. 3 ಪ್ಲಸ್ ಬಂದರೆ ಪಾಸಿಟಿವ್, ಅದಕ್ಕೆಂದೇ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಇದೆ. 2 ಪ್ಲಸ್ ಬಂದರೆ ಸುಮ್ನೆ ಊಹೆ ಮಾಡಬಾರದು, ಹರ್-2 ಜೀನ್ ಎಷ್ಟಿದೆ ಅಂತ ಎಣಿಸುವ ಫಿಶ್ ಪರೀಕ್ಷೆ ಮಾಡಿಸಲೇಬೇಕು.

ಹೋದ ವರ್ಷ ಒಬ್ಬ ಹುಡುಗ ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್-2 ಮೂರೂ ಕಡೆ 'ನೆಗೆಟಿವ್' ಅಂತ ಓದಿ, "ನಮ್ಮವ್ವಗ ಏನೂ ಇಲ್ಲಲ್ರೀ!" ಅಂತ ನಕ್ಕ. ಕೈಯಲ್ಲಿ ಬಸ್ ಟಿಕೆಟ್ ಮುದುಡಿ ಹೋಗಿತ್ತು. ನೆಗೆಟಿವ್ ಅಂದರೆ ಕ್ಯಾನ್ಸರ್ ಇಲ್ಲ ಅಂತ ಅಲ್ಲ. ಹಾರ್ಮೋನ್ ಮಾತ್ರೆಯೂ ಹರ್-2 ಇಂಜೆಕ್ಷನ್ನೂ ಆ ಗಂಟಿಗೆ ನಾಟುವುದಿಲ್ಲ ಅಂತ. ಅಂಥವರಿಗೆ ಕೀಮೋನೇ ಮುಖ್ಯ ಆಸರೆ, ಮತ್ತು ಅದು ಚೆನ್ನಾಗಿ ಕೆಲಸ ಮಾಡುವುದೂ ಉಂಟು. ಅವನನ್ನು ಕೂರಿಸಿ ನೀರು ಕೊಟ್ಟು, ಇವತ್ತೇ ಡಾಕ್ಟರನ್ನು ನೋಡಪ್ಪಾ ಅಂದೆ.

ಕೇಳಿದವರಿಗೆಲ್ಲ ಒಂದು ಮಾತು ಹೇಳಿಯೇ ಕಳಿಸುತ್ತೇನೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೈದರಾಬಾದಿಗೋ ಹೋಗುವುದಿದ್ದರೆ ರಿಪೋರ್ಟಿನ ಜೊತೆ ಗಂಟಿನ ಚೂರು ಕೂರಿಸಿದ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಮತ್ತೆ ಪರೀಕ್ಷೆ ಬೇಕಾದರೆ ಅದರಿಂದಲೇ ಆಗುತ್ತದೆ, ಅವ್ವನಿಗೆ ಇನ್ನೊಮ್ಮೆ ಸೂಜಿ ಚುಚ್ಚುವುದು ತಪ್ಪಬಹುದು. ನಮ್ಮ ಬಿಸಿಲು ಗೊತ್ತಲ್ವಾ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ಮೇಣ ಮೆತ್ತಗಾಗುತ್ತದೆ.