ಯುಗಾದಿ ದಿನ ಟೈರ್ ಬದಲಿಸೋದನ್ನು ನೋಡಲು ಹೋದೆ

2025ರಲ್ಲಿ ಯುಗಾದಿ ಭಾನುವಾರ ಬಂದಿತ್ತು. ಮಾರ್ಚ್ 30. ನಾವಿರೋದು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ. ಬೆಳಿಗ್ಗೆ ಎಣ್ಣೆಸ್ನಾನ ಮಾಡಿ, ಇಂಡಿಯನ್ ಸ್ಟೋರ್‌ನಲ್ಲಿ ಸಿಕ್ಕ ಮುದುಡಿದ ಬೇವಿನೆಲೆಗೆ ಬೆಲ್ಲ ಸೇರಿಸಿ ತಿಂದು, ದೇವಸ್ಥಾನಕ್ಕೆ ಹೋಗಬೇಕಿದ್ದವನು ಕಾರ್ ರೇಸ್‌ಗೆ ಹೊರಟೆ. "ಹಬ್ಬದ ದಿನ ಯಾರಾದ್ರೂ ರೇಸ್‌ಗೆ ಹೋಗ್ತಾರಾ?" ಅಂತ ಹೆಂಡತಿ ರೇಗಿದಳು. ಆದರೂ ಹೋಳಿಗೆ, ಪುಳಿಯೋಗರೆ ಡಬ್ಬಿಗೆ ಹಾಕಿಕೊಟ್ಟಳು.

ಕರೆದವನು ಆಫೀಸಿನ ಗೆಳೆಯ. ಪ್ರತಿವರ್ಷ ಅಪ್ಪನ ಜೊತೆ ಹೋಗುತ್ತಾನಂತೆ, ಈ ಸಲ ಅಪ್ಪನಿಗೆ ಮಂಡಿನೋವು. ಉಳಿದ ಟಿಕೆಟ್ ನನಗೆ ಬಂತು. ಇಲ್ಲಿಗೆ ಬಂದು ಒಂಬತ್ತು ವರ್ಷವಾದರೂ ನಾಸ್ಕಾರ್ ಅನ್ನೋ ಅಮೆರಿಕದ ಕಾರ್ ರೇಸ್ ಅಂದರೆ ನನಗೆ ಗಾಣದ ಎತ್ತಿನ ಲೆಕ್ಕವೇ ಆಗಿತ್ತು. ಎಡಕ್ಕೆ ತಿರುಗು, ಮತ್ತೆ ಎಡಕ್ಕೆ ತಿರುಗು, ಸಂಜೆವರೆಗೂ ಅದೇ. ಇದರಲ್ಲೇನಿದೆ ನೋಡೋದಕ್ಕೆ ಅಂತ ಅವನ ಮುಖಕ್ಕೇ ಹೇಳಿದ್ದೆ. "ಬಾ, ಕಾರು ಓಡೋದನ್ನ ನೋಡಬೇಡ, ನಿಲ್ಲೋದನ್ನ ನೋಡು" ಎಂದ. ಆಗ ಅರ್ಥವಾಗಲಿಲ್ಲ.

ಗ್ರೀನ್ಸ್‌ಬರೋ ದಾಟಿ 220ನೇ ಹೆದ್ದಾರಿ ಹಿಡಿದರೆ, ವರ್ಜೀನಿಯಾ ಗಡಿ ದಾಟುತ್ತಿದ್ದ ಹಾಗೇ ರಿಡ್ಜ್‌ವೇ ಅನ್ನೋ ಊರು. ಅಲ್ಲೇ ಮಾರ್ಟಿನ್ಸ್‌ವಿಲ್ ಸ್ಪೀಡ್‌ವೇ. 1947ರಲ್ಲಿ ಮಣ್ಣಿನ ಟ್ರ್ಯಾಕ್ ಆಗಿ ಶುರುವಾಗಿದ್ದು, ಡಾಂಬರು ಬಿದ್ದಿದ್ದು 1955ರಲ್ಲಿ. ಸುತ್ತಳತೆ ಅರ್ಧ ಮೈಲಿಗಿಂತ ಚೂರು ಜಾಸ್ತಿ, 0.526 ಮೈಲಿ. ನಮ್ಮ ಲೆಕ್ಕದಲ್ಲಿ ಒಂದು ಕಿಲೋಮೀಟರೂ ಇಲ್ಲ. ಒಂದು ಮೈಲಿಗಿಂತ ಚಿಕ್ಕದಿದ್ದರೆ ಶಾರ್ಟ್ ಟ್ರ್ಯಾಕ್ ಅನ್ನುತ್ತಾರೆ, ನಾಸ್ಕಾರ್‌ನ ದೊಡ್ಡ ಸರಣಿಯ ಅಂಕಗಳ ರೇಸ್ ನಡೆಯುವ ಟ್ರ್ಯಾಕ್‌ಗಳಲ್ಲಿ ಇದೇ ಅತಿ ಪುಟ್ಟದು. ಮೇಲಿಂದ ನೋಡಿದರೆ ಪೇಪರ್ ಕ್ಲಿಪ್ ತರ, ಎರಡು ಉದ್ದದ ನೇರ ರಸ್ತೆ, ಎರಡು ಬಿಗಿ ತಿರುವು. ನೇರಕ್ಕೆ ಡಾಂಬರು, ತಿರುವಿಗೆ ಕಾಂಕ್ರೀಟು. ಹಿಂದುಗಡೆ ರೈಲು ಹಳಿ.

ನಮ್ಮ ಸೀಟಿನ ಪಕ್ಕದಲ್ಲಿ ಒಬ್ಬರು ಅಜ್ಜ. ಎಪ್ಪತ್ತೈದರ ಮೇಲಿರಬೇಕು. ತೊಡೆಯ ಮೇಲೆ ಸುರುಳಿ ತಂತಿಯ ನೋಟ್‌ಬುಕ್, ಕೊರಳಲ್ಲಿ ಸ್ಟಾಪ್‌ವಾಚ್, ಕಿವಿಗೆ ಟೀಮ್‌ಗಳ ರೇಡಿಯೋ ಕೇಳುವ ಸ್ಕ್ಯಾನರ್. ಅವರ ಮುಂದಿನ ಸಾಲಲ್ಲಿ 9 ಅಂತ ಬರೆದ ಟೋಪಿ ಹಾಕಿದ ಹೆಂಗಸು. ಇವರಿಬ್ಬರೂ ಸುಮಾರು ವರ್ಷದಿಂದ ಅದೇ ಸೀಟು ತಗೊಳ್ಳುತ್ತಾರಂತೆ. ಹೊರಗೆ ಪರಿಚಯವಿಲ್ಲ. ವರ್ಷಕ್ಕೆರಡು ಸಲ ಇಲ್ಲಿ ಕೂತು ಜಗಳ ಆಡುತ್ತಾರೆ ಅಷ್ಟೇ.

ನಾವು ಹೋಗುವಷ್ಟರಲ್ಲಿ ಜಗಳ ಆಗಲೇ ಶುರುವಾಗಿತ್ತು. ಹಿಂದಿನ ದಿನ ಅಲ್ಲೇ ನಡೆದಿದ್ದ, ನಾಸ್ಕಾರ್‌ನ ಎರಡನೇ ದರ್ಜೆಯ ಎಕ್ಸ್‌ಫಿನಿಟಿ ಸರಣಿಯ ರೇಸ್‌ನ ಕೊನೇ ಸುತ್ತಲ್ಲಿ, ಮುಂದಿದ್ದ ಟೇಲರ್ ಗ್ರೇ ಕಾರಿನ ಹಿಂಭಾಗಕ್ಕೆ ಸ್ಯಾಮಿ ಸ್ಮಿತ್ ಜೋರಾಗಿ ಗುದ್ದಿ ತಿರುಗಿಸಿಬಿಟ್ಟಿದ್ದ. ಸಂದಿಯಲ್ಲಿ ನುಗ್ಗಿದ ಆಸ್ಟಿನ್ ಹಿಲ್ ಗೆದ್ದ. ಗುದ್ದಿಸಿಕೊಂಡವನಿಗೂ ಇಲ್ಲ, ಗುದ್ದಿದವನಿಗೂ ಇಲ್ಲ. ಟೋಪಿಯವರು "ಇದು ರೇಸಾ, ಗೂಳಿ ಕಾಳಗಾನಾ" ಅಂತಿದ್ದರು. ಅಜ್ಜ ಹೇಳಿದ್ದು: ಗುದ್ದೋದು ತಪ್ಪಲ್ಲ, ಈ ಟ್ರ್ಯಾಕೇ ಹಾಗಿದೆ, ಆದರೆ ಬಂಪರ್‌ನಿಂದ ಸ್ವಲ್ಪ ಜರುಗಿಸಿ ದಾಟೋದು ಬೇರೆ, ಹೊಡೆದು ಬೀಳಿಸೋದು ಬೇರೆ. ಪಂಚಾಯ್ತಿ ಕಟ್ಟೆ ಮೇಲೆ ತೀರ್ಪು ಕೊಟ್ಟ ಹಾಗೆ ಹೇಳಿ ಬರೆಯೋದಕ್ಕೆ ಕೂತರು.

ಅಲ್ಲಿಂದ ಮಾತು ಡ್ರೈವರ್ ಡೆನ್ನಿ ಹ್ಯಾಮ್ಲಿನ್ ಮೇಲೆ ಹೋಯಿತು. ಹ್ಯಾಮ್ಲಿನ್ ಇದೇ ವರ್ಜೀನಿಯಾದವನು. ಸ್ವಂತ ರಾಜ್ಯದವನಿಗೆ ಜೈಕಾರ ಜಾಸ್ತಿ ಇರುತ್ತೆ ಅಂದುಕೊಂಡಿದ್ದೆ, ಅವನ ಹೆಸರು ಮೈಕಲ್ಲಿ ಕೂಗಿದಾಗ ಅರ್ಧ ಜನ ಬೂ ಅಂದರು. ಕಾರಣ ಟೋಪಿಯವರು ಹೇಳಿದರು. 2017ರ ಅಕ್ಟೋಬರ್‌ನಲ್ಲಿ ಇದೇ ಟ್ರ್ಯಾಕಲ್ಲಿ, ಇನ್ನೇನು ಮುಗಿಯಿತು ಅನ್ನುವಾಗ, ಮುಂದಿದ್ದ ಚೇಸ್ ಎಲಿಯಟ್‌ನನ್ನು ಹ್ಯಾಮ್ಲಿನ್ ಗುದ್ದಿ ಗೋಡೆಗೆ ಕಳಿಸಿದ್ದ. 9 ಎಲಿಯಟ್‌ನ ನಂಬರು. ಎಲಿಯಟ್ 2020ರಲ್ಲಿ ಇಲ್ಲೇ ಗೆದ್ದ, ಅದೇ ವರ್ಷ ಚಾಂಪಿಯನ್ ಆದ, ಅವನಿಗೇ ಮರೆತುಹೋಗಿರಬಹುದು. ಇವರು ಮರೆತಿಲ್ಲ. ನಮ್ಮಲ್ಲಿ ಕೆಲವು ಮನೆಗಳಲ್ಲಿ ಮದುವೆ ಊಟಕ್ಕೆ ಕರೆಯದ್ದನ್ನು ಮೊಮ್ಮಕ್ಕಳ ಕಾಲದವರೆಗೂ ನೆನಪಿಡುತ್ತಾರಲ್ಲ, ಹಾಗೆ.

"ಅವನಿಗೂ ಸಿಕ್ಕಿದೆ ಬಿಡು" ಅಂತ ಅಜ್ಜ ಮೂರು-ನಾಲ್ಕನೇ ತಿರುವಿನ ಗೋಡೆ ಕಡೆ ಪೆನ್ಸಿಲ್ ತೋರಿಸಿದರು. 2022ರ ಅಕ್ಟೋಬರ್ 30. ಕೊನೇ ಸುತ್ತು. ಆ ವರ್ಷದ ಚಾಂಪಿಯನ್ ಯಾರು ಅಂತ ತೀರ್ಮಾನವಾಗುವ ಫೈನಲ್‌ಗೆ ಹೋಗಲು ರಾಸ್ ಚಾಸ್ಟೇನ್ ಇನ್ನೂ ಎರಡು ಸ್ಥಾನ ಮೇಲೆ ಬರಬೇಕಿತ್ತು. ಬ್ರೇಕ್ ಹಾಕುವ ಜಾಗದಲ್ಲಿ ಅವನು ಆಕ್ಸಿಲರೇಟರ್ ಒತ್ತಿ, ಕಾರನ್ನು ಗೋಡೆಗೆ ಒರಗಿಸಿ, ಸ್ಟೀರಿಂಗ್ ಬಿಟ್ಟೇಬಿಟ್ಟ. ಗೋಡೆಯೇ ಕಾರನ್ನು ತಿರುಗಿಸಿತು. ಐದು ಕಾರು ದಾಟಿ ಹೋದ, ಅದರಲ್ಲಿ ಹ್ಯಾಮ್ಲಿನ್ ಕೂಡ ಒಬ್ಬ, ಫೈನಲ್ ಜಾಗ ಅವನ ಕೈಯಿಂದ ಹೋಯಿತು. ಚಿಕ್ಕವನಿದ್ದಾಗ ವಿಡಿಯೋ ಗೇಮ್‌ನಲ್ಲಿ ಹೀಗೆ ಮಾಡ್ತಿದ್ದೆ ಅಂತ ಚಾಸ್ಟೇನ್ ಆಮೇಲೆ ಹೇಳಿದನಂತೆ. ಮರುವರ್ಷದಿಂದ ಹಾಗೆ ಮಾಡಿದರೆ ದಂಡ ಅಂತಾಯಿತು. ನಾನು ಮನೆಗೆ ಬಂದು ಆ ವಿಡಿಯೋ ಏಳೆಂಟು ಸಲ ನೋಡಿದ್ದೇನೆ, ನೋಡಿದಾಗಲೆಲ್ಲ ಕಾಲು ತಾನಾಗೇ ಬ್ರೇಕ್ ಹುಡುಕುತ್ತೆ.

ಮೂರು ಗಂಟೆ ಆದಮೇಲೆ ರೇಸ್ ಶುರುವಾಯಿತು. 400 ಸುತ್ತು. ಸದ್ದಿನ ಬಗ್ಗೆ ಹೇಳಲಾರೆ. ತಮಟೆಯ ಮುಂದೆ ಎದೆ ಅದುರುತ್ತಲ್ಲ, ಅಂಥದ್ದು ಮೂವತ್ತಕ್ಕೂ ಜಾಸ್ತಿ ಕಾರು ಒಟ್ಟಿಗೆ ಹೊರಡಿಸಿದರೆ ಹೇಗಿರಬೇಕು, ಆಗ ಒಂದೊಂದೂ ಸುಮಾರು 670 ಕುದುರೆಶಕ್ತಿಯದ್ದು. ಒಂದು ಸುತ್ತಿಗೆ ಇಪ್ಪತ್ತು ಸೆಕೆಂಡ್. ಮೊದಲ ಅರ್ಧ ಗಂಟೆ ನನಗೆ ಯಾರು ಮುಂದೆ ಯಾರು ಹಿಂದೆ ಒಂದೂ ತಿಳಿಯಲಿಲ್ಲ. ಯಾಕಂದರೆ ಮುಂದಿದ್ದವನು ಬಂದು ಹಿಂದಿದ್ದವನ ಬಾಲವನ್ನೇ ಹಿಡಿಯುತ್ತಾನೆ, ಹಾವು ತನ್ನ ಬಾಲ ನುಂಗಿದ ಹಾಗೆ.

ಆಮೇಲೆ ಹಳದಿ ಬಾವುಟ ಬಂತು, ಟ್ರ್ಯಾಕಲ್ಲಿ ಏನೋ ಅಪಾಯ ಅಂತ ಅದರ ಅರ್ಥ. ಎಲ್ಲರೂ ನಿಧಾನ ಮಾಡಿದರು. ಸ್ಟ್ಯಾಂಡ್‌ನಲ್ಲಿ ಅರ್ಧ ಜನ ಟಾಯ್ಲೆಟ್‌ಗೆ ಎದ್ದರು. ಅಜ್ಜ ಮಾತ್ರ ಮುಂದಕ್ಕೆ ಬಾಗಿ ಸ್ಟಾಪ್‌ವಾಚ್ ಕೈಗೆ ತಗೊಂಡರು. ಗೆಳೆಯ ನನ್ನ ಭುಜ ತಟ್ಟಿ, ಈಗ ನೋಡು ಎಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟ್ರ್ಯಾಕ್ ಒಳಗೇ ಪಿಟ್ ರೋಡ್, ಅಂದರೆ ಕಾರುಗಳು ಟೈರ್, ಪೆಟ್ರೋಲ್‌ಗೆ ನಿಲ್ಲೋ ದಾರಿ ಇದೆ, ನಮ್ಮ ಸೀಟಿನಿಂದ ಚೆನ್ನಾಗಿ ಕಾಣುತ್ತೆ. ಕಾರುಗಳು ಸಾಲಾಗಿ ಒಳಗೆ ಬಂದವು. ಪ್ರತಿ ಕಾರಿಗೂ ಒಂದು ಬಾಕ್ಸ್. ಕಾರು ಇನ್ನೂ ನಿಂತಿಲ್ಲ, ಅಷ್ಟರಲ್ಲಿ ಐದು ಜನ ಗೋಡೆ ಹಾರುತ್ತಾರೆ, ಕೆಲವರು ಅದರ ಮುಂದೆಯೇ ಓಡುತ್ತಾರೆ. ಟೈರ್ ಬಿಚ್ಚಿ ಹಾಕೋರು ಇಬ್ಬರು, ಟೈರ್ ಹೊರೋನೊಬ್ಬ, ಜಾಕ್ ಎತ್ತೋನೊಬ್ಬ, ದೊಡ್ಡ ಕ್ಯಾನ್‌ನಿಂದ ಪೆಟ್ರೋಲ್ ಸುರಿಯೋನೊಬ್ಬ. ಜಾಕ್‌ನವನು ಬಲಗಡೆ ಒಂದೇ ಏಟಿಗೆ ಕಾರು ಎತ್ತಿದ. ಝರ್ರ್. ಹಳೇ ಚಕ್ರ ಹೊರಗೆ, ಹೊಸದು ಒಳಗೆ, ಝರ್ರ್, ಕಾರು ಧೊಪ್ ಅಂತ ಬಿತ್ತು. ಟೈರಿನವರು, ಜಾಕ್‌ನವನು ಕಾರನ್ನು ಸುತ್ತಿ ಎಡಗಡೆಗೆ ಓಡಿದರು. ಮತ್ತೆ ಅದೇ. ಜಾಕ್ ಇಳಿಯಿತು ಅಂದರೆ ಅದೇ ಹೊರಡೋ ಸಿಗ್ನಲ್. ನಾನು ಉಸಿರು ಬಿಟ್ಟು ಪಕ್ಕಕ್ಕೆ ನೋಡಿದರೆ ಅಜ್ಜನ ಗಡಿಯಾರದಲ್ಲಿ ಇನ್ನೂ ಹತ್ತು ಸೆಕೆಂಡ್ ಆಗಿರಲಿಲ್ಲ. ನಾಲ್ಕು ಟೈರ್, ಪೆಟ್ರೋಲು, ಎಲ್ಲ ಸೇರಿ.

ಮದ್ದೂರಿನಲ್ಲಿ ನಮ್ಮ ಮಾವನದು ಪಂಕ್ಚರ್ ಅಂಗಡಿ ಇತ್ತು, ಹಳೇ ಬೆಂಗಳೂರು–ಮೈಸೂರು ರಸ್ತೆ ಪಕ್ಕ. ಬೇಸಿಗೆ ರಜಕ್ಕೆ ಹೋದರೆ ಇಡೀ ದಿನ ಅಲ್ಲೇ. ಸ್ಟೆಪ್ನಿ ಬದಲಾಯಿಸೋದಕ್ಕೆ ಅರ್ಧ ಗಂಟೆ. ಅದರಲ್ಲಿ ಹತ್ತು ನಿಮಿಷ, ತುಕ್ಕು ಹಿಡಿದ ನಟ್ ಮೇಲೆ ಸ್ಪ್ಯಾನರ್ ಸಿಗಿಸಿ, ಅದಕ್ಕೊಂದು ಪೈಪ್ ತೂರಿಸಿ, ಮಾವ ಪೈಪಿನ ಮೇಲೆ ಹತ್ತಿ ಕುಣಿಯೋದಕ್ಕೇ ಬೇಕು. ನಾನು ಕೆಳಗೆ ಕೂತು ನಟ್‌ಗಳನ್ನು ಹಬ್‌ಕ್ಯಾಪ್‌ನಲ್ಲಿ ಎಣಿಸಿಡಬೇಕು. ಒಂದು ಕಳೆದರೆ ತಲೆಗೆ ಮೊಟಕು. ರೇಸಿನ ಮಿಕ್ಕಿದ್ದೆಲ್ಲ ನನಗೆ ಹೊಸದು, ಈ ಕೆಲಸ ಮಾತ್ರ ಗೊತ್ತಿದ್ದದ್ದೇ. ಅದಕ್ಕೇ ಇರಬೇಕು, ಆ ಕ್ಷಣದಿಂದ ನನಗೆ ಡ್ರೈವರ್‌ಗಳ ಮೇಲಿನ ಆಸಕ್ತಿ ಅರ್ಧ ಕಮ್ಮಿಯಾಯಿತು.

ಡಬ್ಬಿ ತೆಗೆದು ಅಜ್ಜನಿಗೊಂದು ಹೋಳಿಗೆ ಕೊಟ್ಟೆ. ತಿಂದರು, ಚೆನ್ನಾಗಿದೆ ಎಂದರು, ತುಪ್ಪದ ಬೆರಳಲ್ಲೇ ನೋಟ್‌ಬುಕ್ ಪುಟ ತಿರುವಿದರು. ಮೂಲೆಯಲ್ಲಿ ದೊಡ್ಡ ಎಣ್ಣೆ ಕಲೆ. ಬದಲಿಗೆ ನನಗೆ ಹಾಟ್ ಡಾಗ್ ಕೊಡಿಸುತ್ತೇನೆ ಅಂತ ಎದ್ದರು. ಇಲ್ಲಿಯ ಹಾಟ್ ಡಾಗ್ ರೇಸಿನಷ್ಟೇ ಫೇಮಸ್ಸು. ಒಳಗೆ ಕೆಂಪು ಬಣ್ಣದ ಸಾಸೇಜು, ಮೇಲೆ ಚಿಲ್ಲಿ, ಎಲೆಕೋಸು, ಈರುಳ್ಳಿ, ಮೇಣದ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಅದನ್ನು ತಿನ್ನದೆ ವಾಪಸ್ ಹೋದವನು ಮಾರ್ಟಿನ್ಸ್‌ವಿಲ್‌ಗೆ ಬಂದ ಲೆಕ್ಕಕ್ಕೇ ಇಲ್ಲವಂತೆ. ನಾನು ಬೇರೆ ದಿನ ಎರಡು ತಿನ್ನೋನು. ಆದರೆ ಯುಗಾದಿ ದಿನ ಮಾಂಸ ಮುಟ್ಟೋ ಹಾಗಿಲ್ಲ, ಹೊಸತೊಡಕು ನಾಳೆ. ಇದನ್ನು ವರ್ಜೀನಿಯಾದ ಅಜ್ಜನಿಗೆ ಇಂಜಿನ್ ಸದ್ದಿನ ಮಧ್ಯೆ ಕಿರುಚಿ ಹೇಳೋದು ಹೇಗೆ? "ಇವತ್ತು ಬೇಡ, ನಾಳೆ ತಿನ್ನಬಹುದು, ದೇವರ ವಿಷಯ" ಎಂದೆ. ಅವರು ಗಂಭೀರವಾಗಿ ತಲೆ ಆಡಿಸಿದರು.

ಹಾಗಾದರೆ ಈ ಹತ್ತು ಸೆಕೆಂಡಿನಿಂದ ಏನಾಗುತ್ತೆ? ಎಲ್ಲ ಆಗುತ್ತೆ. ಟ್ರ್ಯಾಕ್ ಇಷ್ಟು ಇಕ್ಕಟ್ಟು, ಮುಂದಿರೋನನ್ನ ದಾಟೋದು ಕಷ್ಟ. ಪಿಟ್‌ನಲ್ಲಿ ಅರ್ಧ ಸೆಕೆಂಡ್ ಉಳಿಸಿದರೆ ಟ್ರ್ಯಾಕ್ ಮೇಲೆ ಐವತ್ತು ಸುತ್ತು ಒದ್ದಾಡಿದರೂ ಸಿಗದ ಎರಡು ಸ್ಥಾನ ಸುಮ್ನೆ ಸಿಗುತ್ತೆ. ಆತುರಪಟ್ಟರೆ ಇನ್ನೊಂದು ಕಷ್ಟ. ಪಿಟ್ ರೋಡ್‌ನಲ್ಲಿ ವೇಗದ ಮಿತಿ ಇದೆ, ನೆಲದಲ್ಲಿ ಗೆರೆಗೆರೆಗೂ ಟೈಮ್ ಅಳೆಯುತ್ತಾರೆ, ಕಾರಿನಲ್ಲಿ ನಮ್ಮ ಕಾರಿನ ಹಾಗೆ ಸ್ಪೀಡೋಮೀಟರ್ ಇಲ್ಲ. ಅಜ್ಜ 2023ರ ಪುಟ ಹೇಳಿದರು: ರಯಾನ್ ಪ್ರೀಸ್ ಮೊದಲ ಸ್ಥಾನದಿಂದ ಹೊರಟು 135 ಸುತ್ತು ಯಾರಿಗೂ ಬಿಟ್ಟುಕೊಡಲಿಲ್ಲ, ಆಮೇಲೆ ಪಿಟ್‌ನಲ್ಲಿ ಚೂರು ಜೋರಾಗಿ ಹೋದ ಅಂತ ಹಿಂದಕ್ಕೆ ಕಳಿಸಿದರು. ಮುಗೀತು. ಆ ದಿನ ಗೆದ್ದಿದ್ದು ಕೈಲ್ ಲಾರ್ಸನ್.

ಈ ಪಿಟ್ ಹುಡುಗರಲ್ಲಿ ಎಷ್ಟೋ ಜನ ಕಾಲೇಜಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದವರಂತೆ. ಮೆಕ್ಯಾನಿಕ್ ಕೆಲಸ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಮೈಯಲ್ಲಿ ಚುರುಕಿರಬೇಕು, ಉಳಿದಿದ್ದು ಕಲಿಸುತ್ತಾರೆ. ಇದು ಅಜ್ಜನಿಗೆ ಇಷ್ಟವಿಲ್ಲ. ಅವರ ದೊಡ್ಡ ದೂರು ಬೇರೆಯೇ ಇತ್ತು. 2022ರಲ್ಲಿ ಹೊಸ ಕಾರು ಬಂದಮೇಲೆ ಚಕ್ರಕ್ಕೆ ಮಧ್ಯದಲ್ಲಿ ಒಂದೇ ನಟ್. ಅದಕ್ಕೆ ಮುಂಚೆ ಐದು. ಐದಿದ್ದಾಗ ನಟ್ ಬಿಚ್ಚಿ ಬಿಗಿಯೋ ಗನ್ ಸದ್ದು ಕೇಳೇ ಹೇಳಬಹುದಿತ್ತಂತೆ, ಝರ್ ಝರ್ ಝರ್ ಝರ್ ಝರ್ ಅಂತ ಐದೂ ಒಂದೇ ಲಯದಲ್ಲಿ ಬಂದರೆ ಸರಿ ಬಿಗಿದಿದೆ, ನಾಲ್ಕೇ ಕೇಳಿಸಿದರೆ ಒಬ್ಬ ಕಳ್ಳಾಟ ಆಡಿದ್ದಾನೆ. ಹಳೇ ಕಾಲದ ದೊಡ್ಡ ಡ್ರೈವರ್ ರಿಚರ್ಡ್ ಪೆಟ್ಟಿ ಇಲ್ಲಿ 15 ಸಲ ಗೆದ್ದ ಕಾಲದಿಂದ ನೋಡಿದವರು ಅವರು. "ಈಗ ಒಂದು ಸದ್ದು. ಅದರಲ್ಲಿ ಕೇಳೋಕೆ ಏನಿದೆ?"

ಟೋಪಿಯವರು ಅದೆಲ್ಲ ಮುದುಕರ ಹಟ ಅಂದರು, ಈಗ ಬೇಗ ಆಗುತ್ತಲ್ಲ, ಅದೇ ಚೆನ್ನ. ಇನ್ನೂರೈವತ್ತನೇ ಸುತ್ತು ದಾಟಿದ ಮೇಲೆ ಒಂದು ಸಲ ನಮ್ಮ ಎದುರಿನ ಬಾಕ್ಸ್‌ನಲ್ಲೇ ಒಂದು ಕಾರಿನ ಎಡ ಹಿಂದಿನ ಚಕ್ರ ಸಿಕ್ಕಿಕೊಂಡಿತು. ಗನ್ ತಿರುಗುತ್ತಿದೆ, ನಟ್ ಹಿಡಿಯುತ್ತಿಲ್ಲ. ಹುಡುಗ ಗನ್ ತೆಗೆದ, ಮತ್ತೆ ಇಟ್ಟ, ಕೈ ನಡುಗುತ್ತಿದ್ದದ್ದು ಅಲ್ಲಿಂದಲೂ ಕಾಣುತ್ತಿತ್ತು. ಪಕ್ಕದ ಕಾರುಗಳು ಒಂದೊಂದಾಗಿ ಹೊರಟವು. ಬಿಡೋ ಹಾಗಿಲ್ಲ, ಯಾಕಂದರೆ ಆಗಿನ ನಿಯಮದ ಪ್ರಕಾರ ಚಕ್ರ ಕಳಚಿ ಟ್ರ್ಯಾಕ್ ಮೇಲೆ ಉರುಳಿದರೆ ಎರಡು ಸುತ್ತು ದಂಡ, ಪಿಟ್‌ನವರಲ್ಲಿ ಇಬ್ಬರು ಎರಡು ರೇಸ್ ಮನೇಲಿ ಕೂರಬೇಕು. ಕಾರು ಹೋದಮೇಲೆ ಆ ಹುಡುಗ ಗೋಡೆ ಹತ್ತಲಿಲ್ಲ. ಅಲ್ಲೇ ಮಂಡಿಯೂರಿ ಬಿದ್ದಿದ್ದ ಹಳೇ ನಟ್ ಎತ್ತಿ ನೋಡುತ್ತಾ ಇದ್ದ. ಯಾರೋ ಬಂದು ತೋಳು ಹಿಡಿದು ಎಬ್ಬಿಸಿದರು. ಅಜ್ಜ ಸ್ಟಾಪ್‌ವಾಚ್ ನಿಲ್ಲಿಸಿದ್ದರು, ಆದರೆ ಆ ಟೈಮ್ ಬರೆಯಲಿಲ್ಲ. ಯಾಕೆ ಅಂದೆ. ಸುಮ್ಮನೆ ಪೆನ್ಸಿಲ್ ಕಿವಿಗೆ ಸಿಗಿಸಿಕೊಂಡರು.

ಗೆದ್ದಿದ್ದು ಹ್ಯಾಮ್ಲಿನ್. 400ರಲ್ಲಿ 274 ಸುತ್ತು ಅವನೇ ಮುಂದೆ. ಇಲ್ಲಿ ಅವನು ಹಿಂದೆ ಗೆದ್ದಿದ್ದು 2015ರಲ್ಲಿ, ಹತ್ತು ವರ್ಷದ ಮೇಲೆ ಆರನೇ ಗೆಲುವು. ಎರಡನೇದು ಕ್ರಿಸ್ಟೋಫರ್ ಬೆಲ್, ಮೂರನೇದು ಬುಬ್ಬಾ ವಾಲೇಸ್. ವಾಲೇಸ್ ಓಡಿಸೋದು ಹ್ಯಾಮ್ಲಿನ್ ಮತ್ತು ಮೈಕಲ್ ಜೋರ್ಡನ್ ಸೇರಿ ಕಟ್ಟಿದ ಟೀಮಿಗೆ, ಅಂದರೆ ಗೆದ್ದವನು ಮೂರನೆಯವನ ಯಜಮಾನನೂ ಹೌದು. ನಾಲ್ಕನೆಯವನು ಎಲಿಯಟ್. ಹ್ಯಾಮ್ಲಿನ್ ಕಿಟಕಿಯಿಂದ ಬಾವುಟ ಹಿಡಿದ, ಇಡೀ ಜಗತ್ತಿನ ವಿರುದ್ಧ 11 ಅಂತ ಬರೆದಿತ್ತು. 11 ಅವನ ನಂಬರು. ಟೋಪಿಯವರು ಎದ್ದು ನಿಂತು ಮನಸಾರೆ ಬೂ ಅಂದು, ಸಮಾಧಾನವಾಗಿ ಕೂತು, ನನ್ನ ಹತ್ತಿರ ಕೊನೇ ಹೋಳಿಗೆ ಈಸಿಕೊಂಡರು.

ಇಲ್ಲಿ ಗೆದ್ದವರಿಗೆ ಕಪ್ ಅಲ್ಲ, ಆಳೆತ್ತರದ ಲೋಲಕದ ಗಡಿಯಾರ ಕೊಡುತ್ತಾರೆ. 1964ರಿಂದ ಇದೇ ಪದ್ಧತಿ. ಆರು ಗಡಿಯಾರ ಒಂದೇ ಮನೇಲಿ ಇಟ್ಟರೆ ಗಂಟೆ ಹೊಡೆಯುವಾಗ ಏನು ಗತಿ ಅಂತ ನಾವು ಪಾರ್ಕಿಂಗ್‌ನಿಂದ ಹೊರಬರೋ ಒಂದೂವರೆ ಗಂಟೆ ಅದನ್ನೇ ಮಾತಾಡಿದೆವು.

ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಮದ್ದೂರಿಗೆ ಫೋನ್ ಮಾಡಿದೆ, ಅಲ್ಲಿ ಸಂಜೆ ನಾಲ್ಕೂವರೆ. ಮಾವ ಹೊಸತೊಡಕಿನ ಊಟ ಮುಗಿಸಿ ಮಲಗಿ ಎದ್ದಿದ್ದರು. ಹತ್ತು ಸೆಕೆಂಡಿಗೆ ನಾಲ್ಕು ಚಕ್ರ ಅಂದೆ. ನಂಬಲಿಲ್ಲ. ವಿಡಿಯೋ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರೇ ಫೋನ್ ಮಾಡಿದರು.

"ಅಲ್ಲ ಕಣೋ, ಒಂದೇ ನಟ್ಟಾ?"

"ಹೂಂ ಮಾವ, ಒಂದೇ."

"ಒಂದ್ ನಟ್ ನಂಬ್ಕಂಡು ಆ ಸ್ಪೀಡಲ್ಲಿ ಬಿಡ್ತಾರಾ? ಹುಚ್ಚರು" ಎಂದರು. ಆಮೇಲೆ ಕೇಳಿದರು, "ಆ ನಟ್ ಎಷ್ಟು ನಂಬರ್ ಸ್ಪ್ಯಾನರ್‌ಗೆ ಬರುತ್ತೆ, ಕೇಳ್ದಾ?"

ಕೇಳಿರಲಿಲ್ಲ.