21 ದಿನಕ್ಕೊಮ್ಮೆ ಹುಬ್ಬಳ್ಳಿ

ಕುತ್ತಿಗೆಯಲ್ಲಿ ಎದ್ದ ಗಂಟು ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್ ಎಂದು ಖಚಿತವಾದ ಮೇಲೆ, 21 ದಿನಕ್ಕೊಮ್ಮೆಯಂತೆ ಒಟ್ಟು ಆರು ಬಾರಿ ಗದಗಿನಿಂದ ಹುಬ್ಬಳ್ಳಿಗೆ ಬಂದು, ಎರಡು ಮೂರು ದಿನ ಆಸ್ಪತ್ರೆಯಲ್ಲಿದ್ದು ಕಿಮೋ ತೆಗೆದುಕೊಂಡು ಹೋಗಬೇಕೆಂದು ವೈದ್ಯರು ಹೇಳಿದರು. ನಾಲ್ಕು ಮುಗಿದಿವೆ. ಐದನೆಯದಕ್ಕೆಂದು ನಿನ್ನೆ ದಾಖಲಾಗಿದ್ದೇನೆ. ರಕ್ತದ ರಿಪೋರ್ಟು ಬರುವವರೆಗೆ ಬೇರೆ ಕೆಲಸವಿಲ್ಲದ್ದರಿಂದ ಮಂಚದ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ.

ವಾರ್ಡಿನಲ್ಲಿ ಬೆಳಕು ಹರಿಯುವ ಮೊದಲೇ ದಿನ ಶುರುವಾಗುತ್ತದೆ. ಸಿಸ್ಟರ್ ಬಂದು ಜ್ವರ, ಬಿ.ಪಿ. ನೋಡುತ್ತಾರೆ, ಎತ್ತರ ಮತ್ತು ತೂಕದ ಲೆಕ್ಕದ ಮೇಲೆ ಔಷಧದ ಪ್ರಮಾಣ ನಿಗದಿಯಾಗುವುದರಿಂದ ಪ್ರತಿ ಸಲವೂ ತೂಕ ಮಾಡುತ್ತಾರೆ. ವೈದ್ಯರು ರೌಂಡ್ಸ್ ಮುಗಿಸಿದ ಮೇಲೆ ಮೊದಲು ವಾಂತಿಯಾಗದಂತೆ ಇಂಜೆಕ್ಷನ್, ಆಮೇಲೆ ಒಂದೊಂದಾಗಿ ಔಷಧ. ಅವುಗಳಲ್ಲಿ ಡಾಕ್ಸೊರುಬಿಸಿನ್ ಎಂಬುದು ಕಡುಗೆಂಪು. ಅದನ್ನು ಬಾಟಲಿಯಲ್ಲಿ ತೂಗುಹಾಕಿ ಹೋಗುವುದಿಲ್ಲ. ಸಿಸ್ಟರ್ ಪಕ್ಕದಲ್ಲೇ ಕುಳಿತು, ಹರಿಯುತ್ತಿರುವ ಸಲೈನಿನ ಜೊತೆ ಸಿರಿಂಜಿನಿಂದ ನಿಧಾನವಾಗಿ ಬಿಡುತ್ತಾರೆ. ಆ ದಿನ ಮೂತ್ರವೂ ಕೆಂಪಾಗುತ್ತದೆ. ಇದು ರಕ್ತವಲ್ಲ, ಔಷಧದ ಬಣ್ಣ ಎಂದು ಮೊದಲೇ ಹೇಳಿರದಿದ್ದರೆ ನಾನು ಹೆದರಿ ಅರ್ಧ ಜೀವವಾಗುತ್ತಿದ್ದೆ.

ಎರಡನೆಯ ಸಲ ಆ ಕೆಂಪು ಔಷಧ ಒಳಗೆ ಹೋಗುತ್ತಿರುವಾಗ ಮುಂಗೈಯಲ್ಲಿ, ಸೂಜಿ ಚುಚ್ಚಿದ ಜಾಗದ ಸುತ್ತ, ಸಣ್ಣಗೆ ಉರಿ ಎದ್ದಿತು. ಕಿಮೋ ಎಂದರೆ ಉರಿಯಲೇಬೇಕೇನೋ ಎಂದುಕೊಂಡು ಹಲ್ಲು ಕಚ್ಚಿ ಸುಮ್ಮನಿದ್ದೆ. ಬೆಳಗಿನಿಂದ ಕುಳಿತು ಊಟವನ್ನೂ ಮಾಡದ ಸಿಸ್ಟರ್ ಹುಡುಗಿಗೆ ಮತ್ತೆ ತ್ರಾಸು ಕೊಡುವುದು ಬೇಡವೆಂಬ ಸಂಕೋಚವೂ ಇತ್ತು. ಪಕ್ಕದ ಮಂಚದಲ್ಲಿ ಬ್ಯಾಡಗಿ ಕಡೆಯ, ಮೆಣಸಿನಕಾಯಿ ಬೆಳೆಯುವ ಮನೆಯ ಹಿರಿಯ ಹೆಣ್ಣುಮಗಳೊಬ್ಬರಿದ್ದರು. ಅವರು ನನ್ನ ಮುಖವನ್ನೇ ನೋಡುತ್ತಿದ್ದವರು, "ಅಕ್ಕೋರ, ಮಾರಿ ಯಾಕ ಹಂಗ ಮಾಡಾಕತ್ತೀರಿ? ಕೈ ಉರಿಯಾಕತ್ತೈತೇನು?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ, "ಸಿಸ್ಟರ, ನಿಂದ್ರಸ್ರಿ ಅದನ್ನ" ಎಂದು ಕೂಗಿಬಿಟ್ಟರು. ಸಿಸ್ಟರ್ ಕೂಡಲೇ ನಿಲ್ಲಿಸಿ, ಸೂಜಿಯಿಂದಲೇ ಸಾಧ್ಯವಾದಷ್ಟು ಔಷಧವನ್ನು ಹಿಂದಕ್ಕೆ ಎಳೆದು, ಮಂಜುಗಡ್ಡೆಯ ಚೀಲ ಇಟ್ಟು, ವೈದ್ಯರನ್ನು ಕರೆದರು. ಈ ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವೇ ಕೊಳೆತು ಹುಣ್ಣಾಗಬಹುದಂತೆ. ನನಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೆಂಪಾಗಿ, ಒಂದು ವಾರದಲ್ಲಿ ಮಾಯವಾಯಿತು. "ಸ್ವಲ್ಪ ಉರಿದ್ರೂ ತಡಕೋಬ್ಯಾಡ್ರಿ, ಆಗಿಂದಾಗ ಹೇಳ್ರಿ" ಎಂದು ಸಿಸ್ಟರ್ ಬೈಯುವ ಹಾಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ನಮ್ಮ ಕಡೆಯ ಹೆಂಗಸರಿಗೆ ನೋವು ನುಂಗುವುದೇ ಮರ್ಯಾದೆ ಎಂದು ಯಾರು ಕಲಿಸಿದರೋ; ಈ ವಾರ್ಡಿನಲ್ಲಿ ಆ ರೂಢಿ ಕೈಯನ್ನೇ ಕಳೆಯಬಹುದಿತ್ತು.

ಇನ್ನೊಂದು ಔಷಧದ ಹೆಸರು ವಿನ್‌ಕ್ರಿಸ್ಟಿನ್. ಅದು ಸದಾಪುಷ್ಪದ ಗಿಡದಿಂದ ಬಂದದ್ದೆಂದು ತಿಳಿದ ದಿನ ನನಗೆ ನಮ್ಮ ಹಿತ್ತಲು ಕಣ್ಣಿಗೆ ಕಟ್ಟಿತು. ತುಳಸಿಕಟ್ಟೆಯ ಪಕ್ಕ ವರ್ಷವಿಡೀ ಗುಲಾಬಿ ಬಣ್ಣದ ಹೂ ಬಿಡುವ ಗಿಡ ಅದೇ. ಇದನ್ನು ಕೇಳಿದ ಬಂಧುಗಳೊಬ್ಬರು ದಿನಾಲೂ ನಾಲ್ಕು ಎಲೆ ಅಗಿಯಲು ಹೇಳಿದರು. ವೈದ್ಯರನ್ನು ಕೇಳಿದೆ. ಆ ಎಲೆ ವಿಷ, ಬಾಯಿಗೆ ಹಾಕಲೇಬೇಡಿ ಎಂದರು.

ಊಟದ ಸಂಗತಿ ಬೇರೆಯೇ. ಕಿಮೋ ಆದ ಎರಡನೆಯ ದಿನದಿಂದ ಬಾಯಲ್ಲಿ ತುಕ್ಕು ಹಿಡಿದ ಕಬ್ಬಿಣದ ರುಚಿ. ಯಾರದೋ ಡಬ್ಬಿಯಿಂದ ಒಗ್ಗರಣೆಯ ವಾಸನೆ ಬಂದರೂ ಹೊಟ್ಟೆ ತೊಳಸುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ ಇಲ್ಲದೆ ಊಟವೇ ಆಗದಿದ್ದ ನಾನು ಈಗ ತಣ್ಣಗಾದ ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿಕೊಂಡು ಚಮಚೆಯಲ್ಲಿ ಉಣ್ಣುತ್ತೇನೆ. ಬಾಯಿ ಹುಣ್ಣಾದಾಗ ರೊಟ್ಟಿಯ ಅಂಚೂ ಚುಚ್ಚುತ್ತದೆ. ಬ್ಯಾಡಗಿಯ ಆ ತಾಯಿಗೆ ಖಾರವಿಲ್ಲದ ಗಂಜಿ ಕಂಡರೆ ಕಣ್ಣೀರು ಬರುತ್ತಿತ್ತು. ಮನೆಯ ಅಟ್ಟದ ಮೇಲೆ ಚೀಲಗಟ್ಟಲೆ ಮೆಣಸಿನಕಾಯಿ ಇಟ್ಟುಕೊಂಡವರು ಅವರು.

ಊರಿಗೆ ಹೋದ ಮೇಲೂ ಆಸ್ಪತ್ರೆ ಮನೆಯೊಳಗೇ ಇರುತ್ತದೆ. ಕಿಮೋ ಆದ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಸೋಂಕು ತಡೆಯುವ ಬಿಳಿ ರಕ್ತಕಣ ತೀರ ಇಳಿದಿರುತ್ತವೆ, ಜ್ವರ 100.4 ಡಿಗ್ರಿ ಮುಟ್ಟಿದರೆ ಮನೆಯಲ್ಲಿ ಮಾತ್ರೆ ನುಂಗಿ ಮಲಗದೆ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಮದುವೆ, ಜಾತ್ರೆ ಎಲ್ಲವನ್ನೂ ಬಿಟ್ಟಿದ್ದೇನೆ. ನೋಡಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುವಾಗ ನನ್ನ ಯಜಮಾನರಿಗೆ ಬಹಳ ಕಷ್ಟವಾಗುತ್ತದೆ, ಆದರೂ ಕಳಿಸುತ್ತಾರೆ.

ಇಷ್ಟು ಬರೆಯುವಷ್ಟರಲ್ಲಿ ರಿಪೋರ್ಟು ಬಂತು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ 700 ಮಾತ್ರ ಇದೆ, ಅಷ್ಟು ಸಾಲದು, ಇವತ್ತು ಕಿಮೋ ಇಲ್ಲ. ಕಣಗಳು ಏರಲು ಹೊಟ್ಟೆಗೆ ಇಂಜೆಕ್ಷನ್, ಮುಂದಿನ ವಾರ ಮತ್ತೆ ರಕ್ತ ಪರೀಕ್ಷೆ. ಕಿಮೋ ಕೊಡುವ ದಿನಕ್ಕಿಂತ ಕೊಡದ ದಿನವೇ ನನಗೆ ಭಾರ. ರೌಂಡ್ಸಿಗೆ ಬಂದ ವೈದ್ಯರು ಬೇರೆ ಏನಾದರೂ ತೊಂದರೆ ಇದೆಯೇ ಎಂದಾಗ ಏನಿಲ್ರಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹದಿನೈದು ದಿನದಿಂದ ಬೆರಳ ತುದಿಗಳು ಜೋಮು ಹಿಡಿದಿರುವುದನ್ನು, ಕುಪ್ಪಸದ ಹುಕ್ಕನ್ನು ಮಗಳ ಕೈಯಿಂದ ಹಾಕಿಸಿಕೊಳ್ಳುತ್ತಿರುವುದನ್ನು ಮುಚ್ಚಿಟ್ಟಿದ್ದೆ. ಹೇಳಿದೆ. ಅವರು ಹತ್ತಿಯ ಎಳೆಯಿಂದ ಒಂದೊಂದೇ ಬೆರಳನ್ನು ಮುಟ್ಟಿ, ಕಣ್ಣು ಮುಚ್ಚಿಸಿ, ಯಾವುದು ಗೊತ್ತಾಗುತ್ತದೆ ಎಂದು ಕೇಳುತ್ತಾ ಫೈಲಿನಲ್ಲಿ ಬರೆದುಕೊಂಡರು. ಈ ಜೋಮು ವಿನ್‌ಕ್ರಿಸ್ಟಿನ್‌ನಿಂದ ಬಂದದ್ದಂತೆ, ಅದರ ಪ್ರಮಾಣವನ್ನು ಮುಂದಿನ ಸಲ ಕಡಿಮೆ ಮಾಡುವರಂತೆ.